ರಾಜೀನಾಮೆಯನ್ನು ತಡೆಯಿರಿ

ಪ್ರಶ್ನೆ: ನನ್ನ ಪತಿ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು, ವಯಸ್ಸು 48. ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾದಿಂದ ದೃಷ್ಟಿ ಬಹುಪಾಲು ಹೋಗಿದೆ. ಆಸ್ಪತ್ರೆಗಳನ್ನು ಸುತ್ತಿ, ನಾಟಿ ಔಷಧಿಯನ್ನೂ ಮಾಡಿಸಿ, ಮಗಳ ಓದಿಗೆಂದು ಕೂಡಿಟ್ಟ ಹಣ ಕರಗಿತು. ಈಗ ಮಾತೇ ಆಡುವುದಿಲ್ಲ. ‘ಎಲ್ಲರಿಗೂ ಹೊರೆಯಾದೆ’ ಎಂದು ರಾಜೀನಾಮೆಗೆ ಹೊರಟಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ

ಉತ್ತರ: ಅಮ್ಮಾ, ಮೊದಲು ರಾಜೀನಾಮೆಯನ್ನು ತಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಕೆಳದರ್ಜೆಗೆ ಇಳಿಸುವಂತೆಯೂ ಇಲ್ಲ. ಈಗಿನ ಕೆಲಸ ಸಾಧ್ಯವಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ವಯೋನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ತಾವಾಗಿಯೇ ರಾಜೀನಾಮೆ ಬರೆದುಕೊಟ್ಟರೆ ಈ ರಕ್ಷಣೆ ಕೈತಪ್ಪಬಹುದು. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಕಲಿತು ಕಚೇರಿಯ ಕೆಲಸ ಮುಂದುವರಿಸಿದವರು ಅನೇಕರಿದ್ದಾರೆ.

ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಕೂಡಲೇ ಅರ್ಜಿ ಹಾಕಿಸಿ. ಕಣ್ಣು ಪರೀಕ್ಷೆಯ ಫಲಕದ ಅಕ್ಷರಗಳನ್ನು ಇನ್ನೂ ಓದುತ್ತಾರೆಂದು ಯಾರಾದರೂ ಹಿಂದೆ ಕಳುಹಿಸಿದರೆ, ದೃಷ್ಟಿಕ್ಷೇತ್ರ ಪರೀಕ್ಷೆಯ ವರದಿಯನ್ನು ಮುಂದಿಡಿ. ನೋಟದ ವ್ಯಾಪ್ತಿ 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ ಎಂದು ಅದೇ ಕಾಯ್ದೆ ಪರಿಗಣಿಸುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಶೇ 40ರ ಪ್ರಮಾಣಪತ್ರಕ್ಕೆ 75,000 ರೂಪಾಯಿ, ಶೇ 80ಕ್ಕೆ 1,25,000 ರೂಪಾಯಿ ಆದಾಯದಲ್ಲಿ ಕಡಿತ ಸಿಗುತ್ತದೆ.

ಗ್ಲಾಕೋಮಾದಲ್ಲಿ ನಷ್ಟವಾದ ದೃಷ್ಟಿನರ ಮತ್ತೆ ಚಿಗುರುವುದಿಲ್ಲ. ಈ ಮಾತು ಕಠಿಣವಾದರೂ ನಿಮ್ಮ ಉಳಿದ ಹಣವನ್ನು ಕಾಪಾಡುವುದು ಇದೇ: ಹೋದ ನೋಟವನ್ನು ಮರಳಿಸುತ್ತೇವೆ ಎನ್ನುವವರಿಗೆ ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ವೈದ್ಯರು ಬರೆದುಕೊಟ್ಟ ಹನಿಗಳನ್ನು ಮಾತ್ರ ಎಂಥ ಹಣದ ಮುಗ್ಗಟ್ಟಿನಲ್ಲಿಯೂ ಒಂದು ದಿನವೂ ತಪ್ಪಿಸಬೇಡಿ, ಉಳಿದಿರುವ ನೋಟವನ್ನು ಕಾಯುವುದು ಅವೇ.

ಇನ್ನು ಅವರ ಮೌನದ ವಿಷಯ. ಇಷ್ಟು ವರ್ಷ ಕಡತ ಓದಿ, ಸಂಸಾರ ನಡೆಸಿದ ಮನುಷ್ಯ ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಕೇಳಿ ತಿಳಿಯಬೇಕಾದಾಗ ಆಗುವ ಸಂಕಟ ಸಾವಿನ ಮನೆಯ ದುಃಖಕ್ಕಿಂತ ಕಡಿಮೆಯದಲ್ಲ. ಬಂಧುಗಳು ‘ಧೈರ್ಯವಾಗಿರಿ’ ಎಂದಷ್ಟೂ ಅವರ ಬಾಯಿ ಕಟ್ಟುತ್ತದೆ. ಅತ್ತರೆ ಅಳಲಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಪ್ರೀತಿಯಿಂದಲೇ ಆದರೂ ಅವರ ಕೆಲಸವನ್ನೆಲ್ಲ ನೀವೇ ಕೈಗೆತ್ತಿಕೊಂಡರೆ ‘ಹೊರೆ’ ಎಂಬ ಭಾವ ಗಟ್ಟಿಯಾಗುತ್ತದೆ. ಕಾಫಿ ಲೋಟವನ್ನು ದಿನವೂ ಒಂದೇ ಜಾಗದಲ್ಲಿಡಿ, ಬಾಗಿಲನ್ನು ಪೂರ್ತಿ ತೆರೆಯಿರಿ ಇಲ್ಲವೇ ಪೂರ್ತಿ ಮುಚ್ಚಿ, ಏಕೆಂದರೆ ಬದಿಯ ನೋಟ ಹೋದವರ ಹಣೆಗೆ ಬಡಿಯುವುದು ಅರ್ಧ ತೆರೆದ ಬಾಗಿಲು. ಮನೆಯ ಲೆಕ್ಕಾಚಾರ ಮೊದಲಿನಂತೆ ಅವರ ಬಳಿಯೇ ಇರಲಿ. ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಗ್ಲಾಕೋಮಾ ರಕ್ತಸಂಬಂಧಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ, ಆರಂಭದಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮಗಳಿಗೂ ನಿಮ್ಮ ಪತಿಯ ಒಡಹುಟ್ಟಿದವರಿಗೂ ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ.