'ಪಾಟ್ರಿಯಾ'ದ ಗೂಢಚಾರ ಯಾವ ದೇಶದವನು?

ಓದುಗರ ಪತ್ರ: ಕಳೆದ ಸಂಚಿಕೆಯ ಮೂಕಿ ಚಿತ್ರಗಳ ಲೇಖನದಲ್ಲಿ, 1917ರ ಅಮೆರಿಕದ 'ಪಾಟ್ರಿಯಾ' ಚಿತ್ರದ ಗೂಢಚಾರ ಜಪಾನಿನವನು ಎಂದಿದ್ದೀರಿ. ನಾನು ಬೇರೆ ಕಡೆ ಓದಿದಾಗ ಮೆಕ್ಸಿಕೊದವನು ಎಂದಿತ್ತು. ಯಾವುದು ಸರಿ? ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದಲ್ಲಿ ಜಪಾನ್ ಬ್ರಿಟನ್ ಪಕ್ಷದಲ್ಲೇ ಇತ್ತಲ್ವಾ?

ಸಂಪಾದಕರ ಉತ್ತರ: ಎರಡೂ ಸರಿ. ನಾವು ಅರ್ಧ ಮಾತ್ರ ಹೇಳಿದ್ದೆವು, ಅದು ನಮ್ಮ ತಪ್ಪು. ನೀವು ಕೇಳಿದ್ದು ಒಳ್ಳೆಯದೇ ಆಯಿತು.

'ಪಾಟ್ರಿಯಾ' 15 ಕಂತುಗಳ ಚಿತ್ರ. ಹಣ ಹಾಕಿದವರು ಪತ್ರಿಕೆಗಳ ದೊಡ್ಡ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್. ನಾಯಕಿ ಐರಿನ್ ಕ್ಯಾಸಲ್, ಆ ಕಾಲದ ಹೆಸರಾಂತ ನರ್ತಕಿ. ಮದ್ದುಗುಂಡು ಕಾರ್ಖಾನೆಯ ವಾರಸುದಾರಳಾಗಿ ಆಕೆ ಶತ್ರುಗಳ ಸಂಚನ್ನು ಮುರಿಯುತ್ತಾಳೆ. ಜಪಾನ್ ಮತ್ತು ಮೆಕ್ಸಿಕೊ ಒಟ್ಟಾಗಿ ಅಮೆರಿಕದ ಮೇಲೆ ಬೀಳುತ್ತವೆ ಎಂಬುದೇ ಆ ಸಂಚು. ಗೂಢಚಾರ ಬ್ಯಾರನ್ ಹುರೋಕಿಯ ಪಾತ್ರ ಮಾಡಿದ್ದು ವಾರ್ನರ್ ಓಲಾಂಡ್. ಅವರು ಹುಟ್ಟಿದ್ದು ಸ್ವೀಡನ್‌ನಲ್ಲಿ!

ಜಪಾನಿನ ಬಗ್ಗೆ ನೀವು ಹೇಳಿದ್ದು ನಿಜ. ಅದು 1914ರಲ್ಲೇ ಜರ್ಮನಿಯ ಮೇಲೆ ಯುದ್ಧ ಸಾರಿತ್ತು. 1917ರ ಏಪ್ರಿಲ್‌ನಲ್ಲಿ ಅಮೆರಿಕವೂ ಅದೇ ಪಕ್ಷ ಸೇರಿತು. ಜೊತೆಗೆ ನಿಂತ ದೇಶವನ್ನೇ ತೆರೆಯ ಮೇಲೆ ಶತ್ರು ಮಾಡಿದರೆ ಹೇಗೆ? ಅಧ್ಯಕ್ಷ ವುಡ್ರೊ ವಿಲ್ಸನ್ ವಾಷಿಂಗ್ಟನ್ನಿನ ಥಿಯೇಟರಿನಲ್ಲಿ ಈ ಚಿತ್ರದ ಕೆಲವು ಭಾಗ ನೋಡಿದ್ದರು. ಇದು ಜಪಾನಿನ ಮೇಲೆ ದ್ವೇಷ ಹುಟ್ಟಿಸುತ್ತದೆ ಎಂದು ಚಿತ್ರದವರಿಗೆ ಬರೆದರು.

ಆಮೇಲೆ ಆದದ್ದು ಮೂಕಿ ಚಿತ್ರದಲ್ಲಿ ಮಾತ್ರ ಅಷ್ಟು ಸುಲಭ. ಮಾತೆಲ್ಲ ಟೈಟಲ್ ಕಾರ್ಡ್‌ಗಳಲ್ಲೇ, ಅಂದರೆ ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಬರಹದಲ್ಲೇ, ಇರುತ್ತಿತ್ತು ನೋಡಿ. ಕಾರ್ಡ್ ಕತ್ತರಿಸಿ ಬೇರೆಯದನ್ನು ಅಂಟಿಸಿದರೆ ಪಾತ್ರದ ಊರು, ಹೆಸರು ಎರಡೂ ಬದಲು. ಹುರೋಕಿ ಹೋಗಿ ಮ್ಯಾನುಯೆಲ್ ಮೊರಾಲೆಸ್ ಆದ. ನಟ ಅವರೇ, ಮುಖ ಅದೇ. ನಾನು ಈ ಚಿತ್ರದ ವಿಷಯಕ್ಕೆ ಮತ್ತೆ ಮತ್ತೆ ಮರಳುವುದು ಇದಕ್ಕೇ. ಇವನು ಶತ್ರು ಎಂದು ಜನರಿಗೆ ಹೇಳುತ್ತಿದ್ದದ್ದು ಒಂದು ಚೂರು ಬರಹ.

ಮೆಕ್ಸಿಕೊದ ಮೇಲೆ ಅನುಮಾನವಂತೂ ಆಗ ಜಾಸ್ತಿಯೇ ಇತ್ತು. ಜರ್ಮನಿಯ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್ ಕಳಿಸಿದ ಗುಪ್ತ ತಂತಿ ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಂದಿತ್ತು. ಮೆಕ್ಸಿಕೊ ತಮ್ಮ ಜೊತೆ ಸೇರಿದರೆ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ಮರಳಿ ಪಡೆಯಲು ನೆರವಾಗುತ್ತೇವೆ, ಜಪಾನನ್ನೂ ಕರೆಯಿರಿ ಎಂದು ಅದರಲ್ಲಿತ್ತು. ಸಿನಿಮಾದ ಕಥೆ ನಿಜವೇ ಇರಬೇಕು ಎಂದು ಆಗಿನ ಪ್ರೇಕ್ಷಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ನನಗೆ ಸಂಕಟವಾಗುವುದು ಕ್ಯಾಲಿಫೋರ್ನಿಯಾದ ಜಪಾನಿ ರೈತರನ್ನು ನೆನೆದಾಗ. ಅವರು ಜಮೀನು ಕೊಳ್ಳದಂತೆ 1913ರಲ್ಲೇ ಅಲ್ಲಿ ಕಾನೂನು ಬಂದಿತ್ತು. ಅದರ ಮೇಲೆ ಈ ಚಿತ್ರ. ಕಾರ್ಡ್ ಬದಲಾಗುವ ಮೊದಲೇ ಎಷ್ಟೋ ಜನ ಅದನ್ನು ನೋಡಿಯಾಗಿತ್ತು.

ದಯವಿಟ್ಟು ಲೇಖನದ ಆ ಸಾಲನ್ನು ಹೀಗೆ ಓದಿಕೊಳ್ಳಿ: 'ಗೂಢಚಾರನನ್ನು ಮೊದಲು ಜಪಾನಿನವನೆಂದು ತೋರಿಸಿ, ನಂತರ ಮೆಕ್ಸಿಕೊದವನನ್ನಾಗಿ ಮಾಡಲಾಯಿತು.'