ಆಟಿಸಂ ಇರುವ ಮಗು ಪೂಜೆಯ ಮಧ್ಯೆ ಕಿರುಚಿ ಓಡುತ್ತಾನೆ, ಏನು ಮಾಡಲಿ?

ಚರ್ಚಿನ ಕ್ಯಾಟಕಿಸಂ (ಧರ್ಮಪಾಠ) ಕ್ಲಾಸಿನ 7 ವರ್ಷದ ಹುಡುಗ ಗದರಿದರೂ ಕೇಳಲ್ಲ ಅಂತ ಬರೆದಿದ್ದೀರಿ. ಮೊದಲು ಗದರುವುದನ್ನು ಬಿಡಿ. ನಾನು ಮಂಗಳೂರು ಕಡೆಯ ಒಂದು ಚರ್ಚಿನಲ್ಲಿ ಕ್ಯಾಟಕಿಸಂ ಟೀಚರ್. ನಮ್ಮಲ್ಲೂ ಇಂಥವನೊಬ್ಬ ಇದ್ದ.

ನನ್ನ ದೊಡ್ಡ ತಪ್ಪು ಚಾಕಲೇಟಿನದು. ಅವನು ಕಿರುಚಿದ ಕೂಡಲೇ ಒಂದು ಕೊಡುತ್ತಿದ್ದೆ, ಸುಮ್ಮನಾಗುತ್ತಿದ್ದ. ಕಿರುಚಿದರೆ ಚಾಕಲೇಟ್ ಸಿಗುತ್ತದೆ ಅಂತ ಚೆನ್ನಾಗಿ ಕಲಿತುಕೊಂಡ! ಕೊನೆಗೆ ಅವನ ಅಮ್ಮನೇ ಹೇಳಿದರು: "ಟೀಚರ್, ಸುಮ್ಮನೆ ಕೂತಾಗ ಕೊಡಿ."

ಆಮೇಲೆ, ಕಿರುಚುವುದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಅಂತ ಪ್ರತಿ ಸಲ ಬರೆದಿಡತೊಡಗಿದೆ. ಹೆಚ್ಚಿನ ಸಲ ಕಾರಣ ಸ್ಪೀಕರ್. ನಾವೇ ಅವನನ್ನು ಅದರ ಪಕ್ಕದ ಬೆಂಚಿನಲ್ಲಿ ಕೂರಿಸುತ್ತಿದ್ದೆವು! ಬಾಗಿಲ ಹತ್ತಿರ ಜಾಗ ಕೊಟ್ಟ ಮೇಲೆ ಅರ್ಧ ತೊಂದರೆ ಹೋಯಿತು.

ಉಳಿದದ್ದಕ್ಕೆ ಮೋಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬ, ಸಹಾಯಕ್ಕೆ ಬಂತು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ ಪ್ರಾರ್ಥನೆ, ದಿನಾ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ತರುತ್ತಾರೆ. ಒಂದೇ ಕೆಲಸವನ್ನು ಒಂಬತ್ತು ದಿನ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿದೆ? ಮೊದಲ ದಿನ ಹೂ ಇಟ್ಟು ಸೀದಾ ಮನೆಗೆ. ಮಾರನೇ ದಿನ ಒಂದು ಹಾಡಿನವರೆಗೆ. ಹೀಗೆ ಸ್ವಲ್ಪ ಸ್ವಲ್ಪ ಜಾಸ್ತಿ. ಅವನಿಗೆ ಸಾಕಾಗುವ ಮುಂಚೆಯೇ ಕಳಿಸುತ್ತಿದ್ದೆ, ಅದು ಮುಖ್ಯ. ಅವನ ಅಮ್ಮ ಹೂಬುಟ್ಟಿ, ಸಾಲು, ಮರಿಯಮ್ಮ, ಮನೆ ಅಂತ ನಾಲ್ಕು ಚಿತ್ರ ಬರೆದುಕೊಟ್ಟಿದ್ದರು. ಒಂದೊಂದು ಮುಗಿದಂತೆ ಅವನೇ ಮಗುಚಿ ಇಡುತ್ತಿದ್ದ. ಬರೀ "ಗುಡ್ ಬಾಯ್" ಅನ್ನುವ ಬದಲು "ಸಾಲಲ್ಲಿ ನಿಂತೆ, ಭೇಷ್" ಅಂತ ಆಗಲೇ ಹೇಳಿ. ಯಾವುದಕ್ಕೆ ಹೊಗಳಿದಿರಿ ಅಂತ ಅವನಿಗೆ ಗೊತ್ತಾಗಬೇಕಲ್ವಾ?

ಐದನೇ ಚಿತ್ರ ಬಾಗಿಲಿನದು. ಅವನು ಅದನ್ನು ತೋರಿಸಿದರೆ ಮರುಮಾತಿಲ್ಲದೆ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಸೆಪ್ಟೆಂಬರ್ 8, ಹಬ್ಬದ ದಿನ, ತೆನೆಯ ಮೆರವಣಿಗೆಗೆ ಬ್ಯಾಂಡ್ ಶುರುವಾಯಿತು. ಅವನು ಕಿವಿ ಮುಚ್ಚಿಕೊಂಡ. ಆಮೇಲೆ ಒಂದು ಕೈ ತೆಗೆದು ಜೇಬಿನಿಂದ ಬಾಗಿಲ ಚಿತ್ರ ತೆಗೆದ. ಕಿರುಚಲಿಲ್ಲ. ಪಕ್ಕದಲ್ಲಿದ್ದ ಒಬ್ಬರು "ಪೂಜೆ ಮುಗಿಯೋ ಮುಂಚೆ ಹೊರಗಾ?" ಅಂದರು. ನನ್ನ ಲೆಕ್ಕದಲ್ಲಿ ಅವತ್ತು ಇಡೀ ಚರ್ಚಿನಲ್ಲಿ ಅವನಷ್ಟು ಚೆನ್ನಾಗಿ ನಡೆದುಕೊಂಡವರು ಯಾರೂ ಇರಲಿಲ್ಲ.

ಬ್ಯಾಂಡ್ ನಿಂತ ಮೇಲೆ ತಾನಾಗಿಯೇ ಒಳಗೆ ಬಂದ. ಪೂಜೆ ಮುಗಿದಾಗ ಎಲ್ಲ ಮಕ್ಕಳ ಜೊತೆ ಸಾಲಲ್ಲಿ ನಿಂತು ಕಬ್ಬು ಇಸಿದುಕೊಂಡ. ಜಗಿದ ಸಿಪ್ಪೆಯನ್ನು ಮಾತ್ರ ನನ್ನ ಕೈಗೇ ಉಗುಳಿದ. ಅದಕ್ಕಿನ್ನೂ ಚಿತ್ರ ಬರೆದಿಲ್ಲ.