ದೊಡ್ಡ ಅಡಾಪ್ಟರ್ ತಂದರೂ ರೈಲು ಯಾಕೆ ಸುಸ್ತಾಗುತ್ತೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ಮನೆಯೊಳಗಿನ ಪುಟ್ಟ ರೈಲಿನ ಬಗ್ಗೆಯೇ. ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ವೈರಿಂಗ್ ಮಾಡಿಕೊಂಡು ಹೊಟ್ಟೆ ಹೊರೆದವನು ನಾನು. ರೈಲು ನನ್ನ ಹುಚ್ಚು. ಹಾಗಾಗಿ ಉತ್ತರಗಳಲ್ಲಿ ರೈಲಿಗಿಂತ ವೈರೇ ಜಾಸ್ತಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಹಡಿ ಮೇಲಿನ ರೂಮಿನಲ್ಲಿ 12 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಒ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ) ಹಳಿ ಹಾಕಿದ್ದೇನೆ. ಕಂಟ್ರೋಲರ್ ಹತ್ತಿರ ಎಂಜಿನ್ ಚೆನ್ನಾಗಿ ಓಡುತ್ತದೆ. ಕಿಟಕಿ ಕಡೆ ಹೋಗುತ್ತಿದ್ದಂತೆ ಸುಸ್ತಾಗುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. 1 ಆಂಪ್ ಅಡಾಪ್ಟರ್ ತೆಗೆದು ಎಸ್.ಪಿ. ರೋಡಿನಿಂದ 12 ವೋಲ್ಟ್, 5 ಆಂಪ್‌ನದು ತಂದು ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. 10 ಆಂಪ್‌ನದು ತರಲೇ?
— ಓದುಗರು, ಹನುಮಂತನಗರ

ಉತ್ತರ: ತರಬೇಡಿ ಸ್ವಾಮಿ. ಆ 5 ಆಂಪ್‌ನದೇ ಜಾಸ್ತಿ ಆಯಿತು.

ಅಡಾಪ್ಟರ್ ಮೇಲೆ ಬರೆದಿರುವ ಆಂಪ್ ಅದು ಕೊಡಬಲ್ಲ ಗರಿಷ್ಠ ಕರೆಂಟು, ಅಷ್ಟೇ. ಎಂಜಿನ್ ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಈಗಿನ ಎಚ್‌ಒ ಎಂಜಿನ್ ಸಾಮಾನ್ಯವಾಗಿ ಅರ್ಧ ಆಂಪ್ ಒಳಗೇ ಓಡುತ್ತದೆ. ನಿಮ್ಮಲ್ಲಿ ಕಮ್ಮಿಯಾಗುತ್ತಿರುವುದು ವೋಲ್ಟೇಜು. ಅದು ಅಡಾಪ್ಟರ್‌ನಲ್ಲಿ ಕಮ್ಮಿಯಾಗುತ್ತಿಲ್ಲ, ದಾರಿಯಲ್ಲಿ ಸೋರಿ ಹೋಗುತ್ತಿದೆ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಖಾಲಿ ಹಳಿ ಅಳೆಯಬೇಡಿ. ಕರೆಂಟ್ ಹರಿಯದಿದ್ದಾಗ ವೋಲ್ಟೇಜ್ ಬೀಳುವುದಿಲ್ಲ, ಎಲ್ಲ ಕಡೆಯೂ ಒಂದೇ ಲೆಕ್ಕ ತೋರಿಸಿ ಮೀಟರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎಂಜಿನ್ ಕಿಟಕಿ ಕಡೆ ಓಡುತ್ತಿರುವಾಗ ಅಲ್ಲೇ ಎರಡು ಹಳಿಗೂ ಮೀಟರಿನ ಕಡ್ಡಿ ತಾಗಿಸಿ. ಆಮೇಲೆ ಎರಡೂ ಕಡ್ಡಿಯನ್ನು ಒಂದೇ ಹಳಿಯ ಮೇಲೆ, ಒಂದು ಜಾಯಿಂಟಿನ ಆಚೆ ಈಚೆ ಇಡಿ. ಒಳ್ಳೆ ಜಾಯಿಂಟ್ ಆದರೆ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಅರ್ಧ ವೋಲ್ಟ್ ತೋರಿಸಿತು ಅಂದರೆ ಕಳ್ಳ ಸಿಕ್ಕಿದ. ಹೀಗೆ ಒಂದೊಂದೇ ಜಾಯಿಂಟ್ ನೋಡುತ್ತಾ ಹೋದರೆ ಕಳ್ಳರ ಗುಂಪೇ ಸಿಗುತ್ತದೆ.

ಹಳಿ ಜೋಡಿಸುವ ಆ ತಗಡಿನ ಜಾಯಿನರ್ ಇದೆಯಲ್ಲ, ಅದು ಹಳಿಗಳನ್ನು ಒಂದೇ ಸಾಲಿನಲ್ಲಿ ಹಿಡಿದುಕೊಳ್ಳುವುದಕ್ಕೆ ಇರುವುದು. ಕರೆಂಟ್ ಸಾಗಿಸುವ ಕೆಲಸವನ್ನು ಅದರ ತಲೆಗೆ ಕಟ್ಟಿದವರು ನಾವು. ಹೊಸದರಲ್ಲಿ ಬಿಗಿಯಾಗಿರುತ್ತದೆ. ಬರುಬರುತ್ತಾ ಸಡಿಲವಾಗುತ್ತದೆ, ಒಳಗೆ ಕಿಲುಬು ಕೂರುತ್ತದೆ. ಜಲ್ಲಿ ಅಂಟಿಸಲು ನೀರು ಬೆರೆಸಿದ ಫೆವಿಕಾಲ್ ಬಿಡುತ್ತೀರಲ್ಲ, ಅದೂ ಅಲ್ಲೇ ಇಳಿದು ಒಣಗುತ್ತದೆ. ಹಳಿಯೇನೂ ತಾಮ್ರದಷ್ಟು ಒಳ್ಳೆಯ ವಾಹಕ ಅಲ್ಲ. ನಿಕಲ್ ಸಿಲ್ವರ್ ಅನ್ನುವುದು ತಾಮ್ರ, ಸತು, ನಿಕಲ್ ಸೇರಿಸಿದ ಮಿಶ್ರಲೋಹ. ತಾಮ್ರಕ್ಕಿಂತ ಅದರ ತಡೆ ಎಷ್ಟೋ ಪಟ್ಟು ಹೆಚ್ಚು.

ಆದ್ದರಿಂದ ಬೋರ್ಡಿನ ಕೆಳಗೆ, ಹಳಿ ಹೋದ ದಾರಿಯಲ್ಲೇ, ಎರಡು ದಪ್ಪ ವೈರ್ ಎಳೆಯಿರಿ. ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಧಾರಾಳವಾಯಿತು. ನಿಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಇದು ಮೇನ್ ಲೈನ್. ಬೀದಿ ಕಂಬದಿಂದ ಪ್ರತಿ ಮನೆಗೂ ಸರ್ವಿಸ್ ವೈರ್ ಎಳೆದ ಹಾಗೆ, ಇದರಿಂದ ಪ್ರತಿ ಹಳಿ ತುಂಡಿಗೂ ಒಂದು ಜೊತೆ ಸಣ್ಣ ವೈರ್ ಮೇಲಕ್ಕೆ ಹೋಗಬೇಕು. ಅದಕ್ಕೆ 0.5 ಸ್ಕ್ವೇರ್ ಎಂಎಂ ಸಾಕು, ಒಂದೊಂದೂ ಗೇಣುದ್ದಕ್ಕಿಂತ ಜಾಸ್ತಿ ಬೇಡ. ಉದ್ದದ ಹಳಿಯಾದರೆ ಮೂರು ಅಡಿಗೆ ಒಂದು ಜೊತೆ. ಕೆಲಸ ಜಾಸ್ತಿ ಅನ್ನಿಸುತ್ತದೆ, ಹೌದು. ಮಾಡಿ.

ಬೇಕಿದ್ದರೆ ಲೆಕ್ಕ ನೋಡಿ. 1.5 ಸ್ಕ್ವೇರ್ ತಾಮ್ರದ ವೈರಿನ ತಡೆ ಕಿಲೋಮೀಟರಿಗೆ ಸುಮಾರು 12 ಓಮ್. ನಿಮ್ಮ ಬೋರ್ಡಿನ ಕೊನೆಗೆ 5 ಮೀಟರ್ ಅಂತ ಹಿಡಿದರೆ, ಹೋಗಿ ಬರಲು 10 ಮೀಟರ್, ಅಂದರೆ 0.12 ಓಮ್. ಒಂದು ಆಂಪ್ ಹರಿದರೆ ಕಳೆದುಕೊಳ್ಳುವುದು 0.12 ವೋಲ್ಟ್. ಎಂಜಿನ್‌ಗೆ ಗೊತ್ತೇ ಆಗುವುದಿಲ್ಲ. ಅದೇ ದೂರಕ್ಕೆ 0.2 ಸ್ಕ್ವೇರಿನ ಸಣ್ಣ ರಿಬ್ಬನ್ ವೈರ್ ಹಾಕಿದರೆ ಒಂದು ವೋಲ್ಟ್ ಹತ್ತಿರ ಹತ್ತಿರ ಹೋಯಿತು.

ಹಳಿಗೆ ಬೆಸುಗೆ ಹಾಕುವಾಗ ಎಲ್ಲರೂ ಹೆದರುವುದು ಹಳಿಯ ಕೆಳಗಿನ ಅಡ್ಡಪಟ್ಟಿ, ಅಂದರೆ ಪ್ಲಾಸ್ಟಿಕ್ ಸ್ಲೀಪರ್, ಕರಗುತ್ತದೆ ಅಂತ. ಕರಗುವುದು ಐರನ್ ತುಂಬಾ ಬಿಸಿ ಅಂತಲ್ಲ, ನೀವು ತುಂಬಾ ಹೊತ್ತು ಇಟ್ಟಿರಿ ಅಂತ. 25 ವ್ಯಾಟ್‌ನ ಚೂಪು ಮೊನೆ ಐರನ್ನಿನಲ್ಲಿ ತಿಣುಕಾಡಬೇಡಿ. 60 ವ್ಯಾಟ್‌ನದು, ಮೊನೆ ಚಪ್ಪಟೆ ಇರಲಿ. ಹಳಿಯ ಹೊರಬದಿಯನ್ನು ಸಣ್ಣ ಅರದಿಂದ ಹೊಳೆಯುವ ತನಕ ಉಜ್ಜಿ. ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಚೂರೇ ಚೂರು ಸವರಿ ಹಳಿಗೆ ಮೊದಲು ಸೀಸ ಹಿಡಿಸಿ. ವೈರಿನ ತುದಿಗೂ ಹಿಡಿಸಿ, ಎಲ್ ಆಕಾರಕ್ಕೆ ಬಗ್ಗಿಸಿ. ಎರಡೂ ಪಕ್ಕ ಒದ್ದೆ ಬಟ್ಟೆಯ ಚೂರು ಇಟ್ಟು, ವೈರನ್ನು ಹಳಿಗೆ ಒತ್ತಿ ಐರನ್ ತಾಗಿಸಿ. ಒಂದೆರಡು ಸೆಕೆಂಡಿನಲ್ಲಿ ಎರಡೂ ಸೀಸ ಕರಗಿ ಒಂದಾಗಿ ಫಳಫಳ ಅನ್ನುತ್ತದೆ. ತಕ್ಷಣ ಐರನ್ ತೆಗೆಯಿರಿ, ವೈರ್ ಅಲುಗಾಡಿಸಬೇಡಿ. ಒಳಬದಿಗೆ ಮಾತ್ರ ಬೆಸುಗೆ ಬೇಡ, ಚಕ್ರದ ಅಂಚು ಅಲ್ಲೇ ಓಡುವುದು.

ಬಣ್ಣ ಯಾವುದಾದರೂ ಇರಲಿ, ಹಸಿರು ಬೇಡ. ಅದು ಅರ್ತ್‌ಗೆ ಮೀಸಲು. ನಾನು ಹೊರಗಿನ ಹಳಿಗೆ ಹಳದಿ, ಒಳಗಿನದಕ್ಕೆ ನೀಲಿ ಅಂತ ಇಟ್ಟುಕೊಂಡಿದ್ದೇನೆ. ಪ್ರತಿ ಜೊತೆ ಹಾಕಿದ ಮೇಲೂ ಮೀಟರನ್ನು ಬೀಪ್‌ಗೆ ಇಟ್ಟು ಎರಡು ಹಳಿಯ ನಡುವೆ ಶಾರ್ಟ್ ಇಲ್ಲ ಅಂತ ನೋಡಿಕೊಳ್ಳಿ. ಇಪ್ಪತ್ತು ಜೊತೆ ಹಾಕಿದ ಮೇಲೆ ಬೀಪ್ ಬಂದರೆ ಯಾವುದು ಅಂತ ಹುಡುಕುತ್ತೀರಿ?

ಇನ್ನು ಆ 5 ಆಂಪ್ ವಿಚಾರ. ಎಂಜಿನ್ ಹಳಿ ತಪ್ಪಿದರೆ ಚಕ್ರ ಅಡ್ಡ ಬಿದ್ದು ಶಾರ್ಟ್ ಆಗುತ್ತದೆ. ಆಗ ನಿಮ್ಮ ಕಂಟ್ರೋಲರ್‌ನಲ್ಲಿ ಶಾರ್ಟ್ ಆದಾಗ ತಾನೇ ಕರೆಂಟ್ ನಿಲ್ಲಿಸುವ ಕಟ್‌ಔಟ್ ಇಲ್ಲದಿದ್ದರೆ ಆ 5 ಆಂಪ್ ಪೂರ್ತಿ ಆ ಪುಟ್ಟ ಚಕ್ರದ ಮೂಲಕ ಹರಿಯುತ್ತದೆ. ಪ್ಲಾಸ್ಟಿಕ್ ಕರಗುವುದಕ್ಕೆ ಅಷ್ಟು ಸಾಕು. ಜೆ.ಸಿ. ರೋಡಿನ ಆಟೋಮೊಬೈಲ್ ಅಂಗಡಿಯಲ್ಲಿ ಕಾರಿನ ಇಂಡಿಕೇಟರ್ ಬಲ್ಬ್, 12 ವೋಲ್ಟ್ 21 ವ್ಯಾಟ್‌ನದು, ಹೋಲ್ಡರ್ ಸಮೇತ ತನ್ನಿ. ಕಂಟ್ರೋಲರ್‌ನಿಂದ ಹಳಿಗೆ ಹೋಗುವ ಒಂದು ವೈರಿನ ನಡುವೆ ಅದನ್ನು ಸೀರೀಸ್‌ನಲ್ಲಿ ಸೇರಿಸಿ. ಮಾಮೂಲಿ ಓಡಾಟದಲ್ಲಿ ಬಲ್ಬ್ ಉರಿಯುವುದೇ ಇಲ್ಲ. ಶಾರ್ಟ್ ಆದಾಗ ಜಗ್ಗನೆ ಹೊತ್ತಿಕೊಳ್ಳುತ್ತದೆ, ಕರೆಂಟು 1.75 ಆಂಪ್‌ಗಿಂತ ಮೇಲೆ ಹೋಗಲು ಬಿಡುವುದಿಲ್ಲ. ಬಲ್ಬ್ ಚೆನ್ನಾಗಿ ಬಿಸಿಯಾಗುತ್ತದೆ, ಪ್ಲೈವುಡ್‌ಗೆ ತಾಗದ ಹಾಗೆ ಕೂರಿಸಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗ, ಮೊಮ್ಮಗನಿಗೆ ಅಂತ ಅಲ್ಲಿಂದ ರೈಲಿನ ಸೆಟ್ ತಂದಿದ್ದಾನೆ. ಪ್ಲಗ್ಗಿನ ಪಿನ್ ಚಪ್ಪಟೆ ಇದೆ. ಪಿನ್ ಕನ್ವರ್ಟರ್ ಹಾಕಿ ನಮ್ಮ ಸಾಕೆಟ್ಟಿಗೆ ಚುಚ್ಚಬಹುದೇ?
— ಗೃಹಿಣಿ, ಜಯನಗರ

ಉತ್ತರ: ಇನ್ನೂ ಚುಚ್ಚಿಲ್ಲ ತಾನೇ ಅಮ್ಮ? ಆ ಕನ್ವರ್ಟರ್ ಬದಲಾಯಿಸುವುದು ಪಿನ್ನಿನ ಆಕಾರ ಮಾತ್ರ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಪ್ಲಗ್ಗಿನ ದಿಮ್ಮಿಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ ಅಂತ ಬರೆದಿರುತ್ತಾರೆ. ಮೊಮ್ಮಗನ ಕೈಲಿ ಓದಿಸಿ. 100-240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ಪಿನ್ ಕನ್ವರ್ಟರ್ ಸಾಕು, ಧೈರ್ಯವಾಗಿ ಹಾಕಿ. ಬರೀ 120 ವೋಲ್ಟ್, 60 ಹರ್ಟ್ಸ್ ಅಂತ ಇದ್ದರೆ ನೇರವಾಗಿ ಹಾಕಿದ ಕೆಲವೇ ಕ್ಷಣದಲ್ಲಿ ಸುಟ್ಟ ವಾಸನೆ ಬರುತ್ತದೆ.

ಎರಡನೆಯದಾದರೆ 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಒಂದು ರೈಲಿಗೆ 100 ವ್ಯಾಟ್‌ನದು ಬೇಕಾದಷ್ಟಾಯಿತು. ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ಭಾರ ಇರಬೇಕು. ಹಗುರವಾಗಿ, ಹೇರ್ ಡ್ರೈಯರ್‌ಗೆ ಅಂತ ಮಾರುವ ಕನ್ವರ್ಟರ್ ಬರುತ್ತದೆ, ಅದು ಇದಕ್ಕಾಗುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಅಡಾಪ್ಟರ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಆಟ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿಬಿಡಿ.

ಪ್ರಶ್ನೆ: ಅಂಕಲ್, ನನ್ನ ರೈಲು ಹೋದ ದಾರಿಯಲ್ಲೇ ವಾಪಸ್ ಬರಲಿ ಅಂತ ಕೊನೆಯಲ್ಲಿ ಹಳಿಯನ್ನು ಬಲೂನ್ ಆಕಾರದಲ್ಲಿ ಸುತ್ತಿಸಿ ಅದೇ ಹಳಿಗೆ ಸೇರಿಸಿದೆ. ಸೇರಿಸಿದ ತಕ್ಷಣ ಶಾರ್ಟ್! ವೈರ್ ಎಲ್ಲ ಸರಿಯಾಗಿದೆ. ನಿಜವಾದ ರೈಲಿಗೆ ಈ ತೊಂದರೆ ಇಲ್ಲವಲ್ಲ?
— ಪಿಯುಸಿ ವಿದ್ಯಾರ್ಥಿ, ಯಶವಂತಪುರ

ಉತ್ತರ: ಕೊನೆಯ ಪ್ರಶ್ನೆ ಚೆನ್ನಾಗಿದೆ ಕಣಪ್ಪಾ, ಅಲ್ಲಿಂದಲೇ ಶುರು ಮಾಡೋಣ. ದೊಡ್ಡ ರೈಲಿಗೆ 25,000 ವೋಲ್ಟ್ ಎಸಿ ಮೇಲಿನ ತಂತಿಯಿಂದ ಬರುತ್ತದೆ, ಹಳಿಗಳ ಮೂಲಕ ವಾಪಸ್ ಹೋಗುತ್ತದೆ. ನಮ್ಮ ಮೆಟ್ರೋಗೆ 750 ವೋಲ್ಟ್ ಡಿಸಿ, ಪಕ್ಕದ ಮೂರನೇ ಹಳಿಯಿಂದ ಬಂದು ಓಡುವ ಹಳಿಗಳಲ್ಲಿ ವಾಪಸ್. ಎರಡರಲ್ಲೂ ಚಕ್ರದ ಕೆಳಗಿನ ಎರಡು ಹಳಿ ಒಂದೇ ಪಕ್ಷ. ಹೇಗೆ ಸುತ್ತಿಸಿದರೂ ಜಗಳ ಇಲ್ಲ. ನಿನ್ನ ರೈಲಿನಲ್ಲಿ ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಬಲಗಡೆ ಹಳಿಯ ಮೇಲೆ ಬೆರಳಿಟ್ಟು ಬಲೂನಿನ ಸುತ್ತ ಎಳೆದುಕೊಂಡು ಹೋಗು. ವಾಪಸ್ ಬಂದಾಗ ಬೆರಳು ಎಡಗಡೆ ಹಳಿಗೆ ಮುಟ್ಟಿರುತ್ತದೆ. ಅದೇ ಶಾರ್ಟು.

ಬಲೂನಿನ ಎರಡು ತುದಿಯಲ್ಲೂ, ಎರಡೂ ಹಳಿಯಲ್ಲಿ, ಲೋಹದ ಜಾಯಿನರ್ ತೆಗೆದು ಪ್ಲಾಸ್ಟಿಕ್‌ನದು ಹಾಕು. ಒಟ್ಟು ನಾಲ್ಕು ಕಡೆ. ಹೀಗೆ ಬೇರೆಯಾದ ಭಾಗ ನಿನ್ನ ಅತಿ ಉದ್ದದ ರೈಲಿಗಿಂತ ಉದ್ದ ಇರಬೇಕು. ಇಲ್ಲದಿದ್ದರೆ ಎಂಜಿನ್ ಒಂದು ಗ್ಯಾಪ್ ದಾಟುವಾಗ ಕೊನೆಯ ಬೋಗಿಯ ಲೋಹದ ಚಕ್ರ ಇನ್ನೊಂದನ್ನು ದಾಟುತ್ತಾ ಎರಡೂ ಕಡೆ ಸೇರಿಸಿಬಿಡುತ್ತದೆ. ಈಗ ಕಂಟ್ರೋಲರ್‌ನಿಂದ ಬಲೂನಿಗೆ ನೇರವಾಗಿ ಒಂದು ಜೊತೆ ವೈರ್ ಕೊಡು. ಉಳಿದ ಹಳಿಗೆ ಆರು ಕಾಲಿನ ಡಿಪಿಡಿಟಿ ಸ್ವಿಚ್ (ಪ್ಲಸ್ ಮೈನಸ್ ಎರಡನ್ನೂ ಒಟ್ಟಿಗೆ ಅದಲುಬದಲು ಮಾಡಬಲ್ಲದ್ದು) ಮೂಲಕ ಕೊಡು. ಸ್ವಿಚ್ಚಿನ ನಡುವಿನ ಎರಡು ಕಾಲು ಹಳಿಗೆ, ಒಂದು ತುದಿಯ ಎರಡು ಕಾಲಿಗೆ ಕಂಟ್ರೋಲರ್, ಅಲ್ಲಿಂದ ಇನ್ನೊಂದು ತುದಿಗೆ ಅಡ್ಡಡ್ಡ. ರೈಲು ಪೂರ್ತಿ ಬಲೂನಿನ ಒಳಗೆ ಬಂದಾಗ ಈ ಸ್ವಿಚ್ ತಿರುಗಿಸು, ಪಾಯಿಂಟ್ (ಹಳಿ ಕವಲೊಡೆಯುವ ಕಡೆ ರೈಲಿನ ದಾರಿ ತಿರುಗಿಸುವ ಭಾಗ) ಕೂಡ ಬದಲಾಯಿಸು. ರೈಲು ನಿಲ್ಲದೆ ಹೊರಗೆ ಬರುತ್ತದೆ. ಬಲೂನನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು, ನೆನಪಿರಲಿ.

ಪ್ರಶ್ನೆ: ಡಿಸಿಸಿಗೆ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಹೋದರೆ ಎರಡೇ ವೈರ್ ಸಾಕು, ಈ ತಲೆನೋವೆಲ್ಲ ಇಲ್ಲ ಅನ್ನುತ್ತಾರೆ. ನಿಜವೇ?
— ಓದುಗರು, ರಾಜಾಜಿನಗರ

ಉತ್ತರ: ಅಂಗಡಿಯವರು ಹಾಗೆ ಹೇಳುತ್ತಾರೆ. ಮಾಮೂಲಿ ಡಿಸಿಯಲ್ಲಿ ಹಳಿಯ ವೋಲ್ಟೇಜ್ ಏರಿಳಿಸಿ ವೇಗ ಬದಲಾಯಿಸುತ್ತೇವೆ, ಒಂದೇ ಹಳಿಯ ಮೇಲಿರುವ ಎರಡು ಎಂಜಿನ್ ಒಟ್ಟಿಗೇ ಓಡುತ್ತವೆ. ಡಿಸಿಸಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರ ಜೊತೆಗೇ ಸಂದೇಶವೂ ಹೋಗುತ್ತದೆ. ಎಂಜಿನ್ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಮಾತನ್ನಷ್ಟೇ ಕೇಳುತ್ತದೆ. ನೀವೊಂದು, ಮಗಳೊಂದು ಎಂಜಿನ್ ಒಂದೇ ಲೈನಿನಲ್ಲಿ ಬೇರೆ ಬೇರೆ ಓಡಿಸುವುದಾದರೆ ಖಂಡಿತ ತೆಗೆದುಕೊಳ್ಳಿ. ಒಬ್ಬರೇ, ಒಂದೇ ಎಂಜಿನ್ ಅಂದರೆ ಸುಮ್ನೆ ಖರ್ಚು.

ವೈರಿಂಗ್ ಮಾತ್ರ ಹನುಮಂತನಗರದವರಿಗೆ ಹೇಳಿದ್ದಕ್ಕಿಂತ ಗಟ್ಟಿಯಾಗಿ ಬೇಕು. ಇಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟು ದೊಡ್ಡದು. ಎಲ್ಲ ಮುಗಿದ ಮೇಲೆ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವ ಹಾಗೆ ಅಡ್ಡ ಇಡಿ. ಎಚ್‌ಒದಲ್ಲಿ ಹಳಿಗಳ ನಡುವೆ 16.5 ಮಿಲಿಮೀಟರ್, ನಾಣ್ಯ ಆರಾಮಾಗಿ ಕೂರುತ್ತದೆ. ತಕ್ಷಣ ಬೂಸ್ಟರ್, ಅಂದರೆ ಹಳಿಗೆ ಕರೆಂಟ್ ಕೊಡುವ ಡಿಸಿಸಿ ಪೆಟ್ಟಿಗೆ, ಟ್ರಿಪ್ ಆಗಬೇಕು. ಬೋರ್ಡಿನ ಮೂಲೆ ಮೂಲೆಯಲ್ಲೂ ಇಟ್ಟು ನೋಡಿ. ಎಲ್ಲಾದರೂ ಟ್ರಿಪ್ ಆಗದೆ ನಾಣ್ಯ ಬಿಸಿಯಾಗತೊಡಗಿದರೆ ಕೂಡಲೇ ಸ್ವಿಚ್ ಆಫ್ ಮಾಡಿ. ಅಲ್ಲಿಗೆ ಹೋಗುವ ವೈರ್ ಸಣ್ಣದು, ಇಲ್ಲವೇ ಜಾಯಿಂಟ್ ಸಡಿಲ.

ಪ್ರಶ್ನೆ: ಪಾಯಿಂಟ್ ಮೋಟರ್ ಎರಡು ಸುಟ್ಟವು. ಮಾಮೂಲಿ ಆನ್-ಆಫ್ ಸ್ವಿಚ್ ಹಾಕಿದ್ದೆ.
— ಓದುಗರು, ವಿಜಯನಗರ

ಉತ್ತರ: ಎರಡು ಕಾಯಿಲ್‌ನ ಮೋಟರ್ ಇರಬೇಕು. ಅದಕ್ಕೆ ಟಕ್ ಅನ್ನುವಷ್ಟು ಹೊತ್ತು ಮಾತ್ರ ಕರೆಂಟ್ ಕೊಡಬೇಕು. ಆನ್ ಮಾಡಿ ಬಿಟ್ಟರೆ ಸುಡದೆ ಇನ್ನೇನಾಗುತ್ತದೆ? ಕರೆಗಂಟೆಯ ಥರದ ಪುಶ್ ಬಟನ್ ಹಾಕಿ. ಇನ್ನೂ ಒಳ್ಳೆಯದು ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್. ಕೆಪಾಸಿಟರ್‌ನಲ್ಲಿ ತುಂಬಿದ್ದಷ್ಟು ಖಾಲಿಯಾದ ಮೇಲೆ, ಬಟನ್ ಒತ್ತಿಯೇ ಇದ್ದರೂ ಕಾಯಿಲ್‌ಗೆ ಸುಡುವಷ್ಟು ಕರೆಂಟ್ ಹೋಗುವುದಿಲ್ಲ.

ಪ್ರಶ್ನೆ: ಬೋರ್ಡಿನ ಕೆಳಗೇ 230 ವೋಲ್ಟ್ ಸಾಕೆಟ್‌ಗಳನ್ನು ಕೂರಿಸಿ ಎಲ್ಲ ಅಡಾಪ್ಟರ್ ಅಲ್ಲೇ ಹಾಕಿದರೆ ನೀಟಾಗಿರುತ್ತದೆ ಅಲ್ವಾ?
— ಓದುಗರು, ಕೆಂಗೇರಿ

ಉತ್ತರ: ನೀಟಾಗಿರುತ್ತದೆ, ಆದರೆ ಬೇಡ. ನೀವು ಅಂಗಾತ ಮಲಗಿ, ಕತ್ತಲಲ್ಲಿ, ಬೆಸುಗೆ ಹಾಕುವ ಜಾಗ ಅದು. ಅಲ್ಲಿ ಕೈಗೆ ಸಿಗುವ ಯಾವ ವೈರಿನಲ್ಲೂ ಹಳಿಯ ವೋಲ್ಟೇಜಿಗಿಂತ ಜಾಸ್ತಿ ಇರಬಾರದು. ಅಡಾಪ್ಟರ್‌ಗಳೆಲ್ಲ ಗೋಡೆ ಹತ್ತಿರ ಒಂದೇ ಸ್ಪೈಕ್ ಬಸ್ಟರ್‌ನಲ್ಲಿರಲಿ, ಅದಕ್ಕೊಂದೇ ಸ್ವಿಚ್. ಮನೆಯ ಡಿಬಿಯಲ್ಲಿ (ಮೇನ್ ಸ್ವಿಚ್ಚಿನ ಪೆಟ್ಟಿಗೆ) 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಇದ್ದರೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ನೋಡಿ. ಕರೆಂಟ್ ಹೋದಾಗ ಕಂಟ್ರೋಲರ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿಡಿ. ಇಲ್ಲದಿದ್ದರೆ ಕರೆಂಟ್ ಬಂದಾಗ ನೀವು ಅಡುಗೆಮನೆಯಲ್ಲಿರುತ್ತೀರಿ, ರೈಲು ಫುಲ್ ಸ್ಪೀಡಿನಲ್ಲಿ ತಿರುವಿಗೆ ನುಗ್ಗಿರುತ್ತದೆ.